ಒಂಬತ್ತನೇ ಕ್ಲಾಸಿನವರು ಮಣೆ ಮಾಡಿದ ಶನಿವಾರ

ಕಳೆದ ಮಳೆಗಾಲದಲ್ಲಿ ಉಡುಪಿ ಜಿಲ್ಲೆಯ ಬ್ರಹ್ಮಾವರದ ಹತ್ತಿರದ ಒಂದು ಹೈಸ್ಕೂಲಿನಲ್ಲಿ ನಾವು ಕೆಲವು ಹಳೆ ವಿದ್ಯಾರ್ಥಿಗಳು ಸೇರಿ ಒಂಬತ್ತನೇ ಕ್ಲಾಸಿನವರಿಗೆ ಮರದ ಕೆಲಸ ಕಲಿಸುವ ಏರ್ಪಾಡು ಮಾಡಿದೆವು. ಕಲಿಸಲಿಕ್ಕೆ ಊರಿನ ಆಚಾರ್ರು, ಅಂದ್ರೆ ಬಡಗಿ, ಬಂದಿದ್ದರು. ಮಾಡಬೇಕಾದದ್ದು ಕೂತುಕೊಳ್ಳುವ ಮಣೆ. ಹಲಸಿನ ಹಲಗೆ, ಅದರ ಅಡಿಗೆ ಅಡ್ಡಲಾಗಿ ಎರಡು ಪಟ್ಟಿ, ಒಂದೇ ಒಂದು ಮೊಳೆ ಇಲ್ಲ. ಪಟ್ಟಿ ಕೂರುವ ಜಾಗವನ್ನು ಆಚಾರ್ರು ಮೊದಲೇ ಕೊರೆದು ತಂದಿದ್ದರು, ಪಟ್ಟಿಯನ್ನು ಕೀಸಿ ಅಳತೆಗೆ ತರುವುದು ಮಕ್ಕಳ ಕೆಲಸ.

ಗಮ್ ಹಾಕುವಾಗ ಆಚಾರ್ರು ಹೇಳಿದರು, "ನಡುವೆ ಮಾತ್ರ ಸ್ವಲ್ಪ ಹಾಕಿ, ಪೂರ್ತಿ ಬೇಡ." ಒಬ್ಬಳು ಹುಡುಗಿ ಬಿಡಲಿಲ್ಲ. "ಪೂರ್ತಿ ಹಾಕಿದ್ರೆ ಗಟ್ಟಿ ಅಲ್ವಾ ಆಚಾರ್ರೇ?"

ಅವರು ಉತ್ತರ ಕೊಡಲಿಲ್ಲ, ಎಲ್ಲರನ್ನೂ ಕ್ಲಾಸಿನ ಬಾಗಿಲ ಹತ್ತಿರ ಕರೆದುಕೊಂಡು ಹೋದರು. ಬಾಗಿಲು ಚೌಕಟ್ಟಿಗೆ ಉಜ್ಜಿ ಅರ್ಧಕ್ಕೇ ನಿಂತಿತ್ತು.

"ಇದು ಏಪ್ರಿಲಿನಲ್ಲೂ ಹೀಗೇ ಹಿಡೀತಿತ್ತಾ?"

"ಇಲ್ಲ, ಮಳೆ ಶುರುವಾದ ಮೇಲೆ."

ಆಮೇಲೆ ವಿವರಿಸಿದರು. ಮರ ತೇವ ಹೀರಿದರೆ ಅಗಲಕ್ಕೆ ಉಬ್ಬುತ್ತದೆ, ಉದ್ದಕ್ಕೆ ಉಬ್ಬುವುದು ಲೆಕ್ಕಕ್ಕೇ ಬಾರದಷ್ಟು ಕಮ್ಮಿ. ಒಣಗಿದರೆ ಅಗಲವೇ ಕುಗ್ಗುತ್ತದೆ. ಪಟ್ಟಿ ಹಲಗೆಗೆ ಅಡ್ಡಲಾಗಿ ಕೂತಿರುವುದರಿಂದ ಪೂರ್ತಿ ಅಂಟಿಸಿದರೆ ಹಲಗೆ ಕುಗ್ಗಲು ಬಿಡುವುದಿಲ್ಲ, ಬೇಸಿಗೆಯಲ್ಲಿ ಹಲಗೆ ಸೀಳುತ್ತದೆ. ವಿಜ್ಞಾನದ ಮೇಡಂ ಅಲ್ಲೇ ಇದ್ದರು, ಮರದ ನಾರು ಯಾವ ಕಡೆಗೆ ಇರುತ್ತದೆ, ನೀರು ಸೇರಿದರೆ ಯಾವ ಕಡೆಗೆ ಹಿಗ್ಗುತ್ತದೆ ಎಂದು ಬೋರ್ಡಿನಲ್ಲಿ ಚಿತ್ರ ಬರೆದರು. ಇಡೀ ಕ್ಲಾಸು ಕಿವಿಗೊಟ್ಟು ಕೇಳಿದ್ದನ್ನು ನಾನು ಕಣ್ಣಾರೆ ಕಂಡೆ, ಯಾಕಂದ್ರೆ ಆ ಹಲಗೆ ಅವರ ಕೈಯಲ್ಲೇ ಇತ್ತು, ತಪ್ಪಿದರೆ ಒಡೆಯುವುದು ಅವರ ಮಣೆ.

ಮಧ್ಯಾಹ್ನ ಒಬ್ಬರು ಅಪ್ಪ ಬಂದು ನೇರವಾಗಿ ಕೇಳಿದರು, "ಮಗನನ್ನು ಆಚಾರಿ ಕೆಲಸಕ್ಕೆ ಹಾಕ್ಲಿಕ್ಕೆ ಶಾಲೆಗೆ ಕಳಿಸಿದ್ದಾ ಮಾರಾಯ್ರೆ?" ಅವರ ಹೆದರಿಕೆ ನನಗೆ ಅರ್ಥವಾಗುತ್ತದೆ. ನಮ್ಮ ಜಿಲ್ಲೆಗಳಲ್ಲಿ ಎಸ್ಸೆಸ್ಸೆಲ್ಸಿ ಅಂದ್ರೆ ಅಷ್ಟು ದೊಡ್ಡದು. 2024ರಲ್ಲಿ ಉಡುಪಿ ರಾಜ್ಯಕ್ಕೆ ಮೊದಲು, ದಕ್ಷಿಣ ಕನ್ನಡ ಎರಡನೆಯದು, 2025ರಲ್ಲಿ ಅದಲು ಬದಲು. ಆದರೆ ಕೈಕೆಲಸ ಮಾರ್ಕು ಕಮ್ಮಿ ಬರುವವರಿಗೆ ಮಾತ್ರ ಅನ್ನುವ ಲೆಕ್ಕ ನನಗೆ ಒಪ್ಪಿಗೆ ಇಲ್ಲ. ಡಾಕ್ಟರಾಗುವವಳಿಗೂ ಕೈ ಪಳಗಬೇಕು, ಇಂಜಿನಿಯರ್ ಆಗುವವನಿಗೂ ವಸ್ತುವಿನ ಗುಣ ಗೊತ್ತಿರಬೇಕು. ಆಚಾರಿಯೇ ಆಗುತ್ತೇನೆ ಅನ್ನುವ ಮಗುವಿಗೂ ಶಾಲೆ ಹೆಮ್ಮೆಯಿಂದ ದಾರಿ ತೋರಿಸಬೇಕು.

ಇದು ಹೊಸ ಮಾತೂ ಅಲ್ಲ. ಗಾಂಧೀಜಿ 1937ರಲ್ಲಿ ವಾರ್ಧಾದಲ್ಲಿ ಕಸುಬಿನ ಮೂಲಕ ಪಾಠ ಎಂದಿದ್ದರು. 2020ರ ರಾಷ್ಟ್ರೀಯ ಶಿಕ್ಷಣ ನೀತಿ 6ರಿಂದ 8ನೇ ತರಗತಿಯವರಿಗೆ ಹತ್ತು ಬ್ಯಾಗಿಲ್ಲದ ದಿನ ಇಟ್ಟು, ಊರಿನ ಬಡಗಿ, ಕುಂಬಾರ, ತೋಟದ ಕೆಲಸದವರ ಹತ್ತಿರ ಕಲಿಯಲಿ ಎನ್ನುತ್ತದೆ. ಹತ್ತು ದಿನ ಸಾಲದು. ಹೈಸ್ಕೂಲಿನಲ್ಲಿ ವಾರಕ್ಕೆ ಎರಡು ಪೀರಿಯಡ್ಡಾದರೂ ಬೇಕು, ಮತ್ತು ಆ ಪೀರಿಯಡ್ಡನ್ನು ಗಣಿತದವರು ಕಿತ್ತುಕೊಳ್ಳಬಾರದು.

ದುಡ್ಡಿನ ವಿಷಯವೂ ಉಂಟು. ಉಳಿ, ಗರಗಸ, ಕೊಡತಿ, ಗಟ್ಟಿ ಮೇಜು ಒಮ್ಮೆ ತಂದರೆ ವರ್ಷಗಟ್ಟಲೆ ಬರುತ್ತವೆ. ಆದರೆ ಆಚಾರ್ರು ಒಂದು ದಿನದ ಕೂಲಿ ಬಿಟ್ಟು ಸುಮ್ನೆ ಬರಬೇಕು ಅಂತ ಕೇಳುವುದು ನ್ಯಾಯ ಅಲ್ಲ, ಅವರಿಗೆ ಪೂರ್ತಿ ಸಂಬಳ ಕೊಡಬೇಕು. ಹಳೆ ವಿದ್ಯಾರ್ಥಿ ಸಂಘಗಳು ವಾರ್ಷಿಕೋತ್ಸವದ ಪೆಂಡಾಲಿಗೆ ಹಾಕುವ ಹಣದಲ್ಲಿ ಒಂದು ಪಾಲು ಇಲ್ಲಿಗೆ ಬರಲಿ. ನಮ್ಮ ಸಂಘದ ಮುಂದಿನ ಮೀಟಿಂಗಿನಲ್ಲಿ ನಾನು ಇದನ್ನೇ ಕೇಳುವವನಿದ್ದೇನೆ.