ಆರಿದ್ರೆಗೆ ಯಾವ ಬಣ್ಣ?

ನಮ್ಮೂರ ಹೈಸ್ಕೂಲಿನ ವಾರ್ಷಿಕೋತ್ಸವದಲ್ಲಿ ಮಕ್ಕಳು ಚಂದ್ರಯಾನದ ನಾಟಕ ಆಡುವವರಿದ್ದರು. ಹಿಂಪರದೆಗೆ ನಕ್ಷತ್ರ ತುಂಬಿದ ಆಕಾಶ ಬೇಕು, 12 ಅಡಿ ಅಗಲ, 8 ಅಡಿ ಎತ್ತರ, ಬಟ್ಟೆಯ ಮೇಲೆ ಪ್ರಿಂಟ್ ಹಾಕಿಸೋಣ ಎಂದು ಮೇಷ್ಟ್ರು ಕೇಳಿದರು. ಒಂದು ಸಂಜೆಯ ಕೆಲಸ ಅಂದುಕೊಂಡು ಒಪ್ಪಿಕೊಂಡೆ.

ಚಿತ್ರ ತಿದ್ದುವ ಗಿಂಪ್ ತಂತ್ರಾಂಶ ತೆರೆದು ಕಪ್ಪು ಹಾಳೆಗೆ, ಅಡ್ಡಾದಿಡ್ಡಿ ಚುಕ್ಕಿ ಎರಚುವ ನಾಯ್ಸ್ ಫಿಲ್ಟರ್ ಹಾಕಿದೆ. ಅದರ ಮೇಲೆ ಅಂಚು ಮಸುಕಾಗಿಸುವ ಗಾಸಿಯನ್ ಬ್ಲರ್, ಒಂದು ಪಿಕ್ಸೆಲ್‌ನಷ್ಟು. ಆಮೇಲೆ ಕಪ್ಪು-ಬಿಳುಪಿನ ಹದ ತಿದ್ದುವ ಲೆವೆಲ್ಸ್‌ನಲ್ಲಿ ಕಪ್ಪು ತುದಿಯನ್ನು ಬಲಕ್ಕೆ ಎಳೆದರೆ ಮಸುಕು ಚುಕ್ಕಿಗಳೆಲ್ಲ ಮುಳುಗಿ, ಹೊಳೆಯುವವಷ್ಟೇ ಉಳಿಯುತ್ತವೆ. ಹತ್ತೇ ನಿಮಿಷದಲ್ಲಿ ಪರದೆ ತುಂಬಾ ಚುಕ್ಕಿ. ಆದರೆ ಅದು ಆಕಾಶದಂತೆ ಕಾಣಲಿಲ್ಲ, ಕರಿ ಕಂಬಳಿಯ ಮೇಲೆ ರವೆ ಚೆಲ್ಲಿದಂತಿತ್ತು. ಎಲ್ಲ ಚುಕ್ಕಿಗೂ ಒಂದೇ ಗಾತ್ರ, ಒಂದೇ ಬಿಳುಪು. ಏನು ತಪ್ಪಿದೆ ಎಂದು ಎಷ್ಟು ನೋಡಿದರೂ ಹೊಳೆಯಲಿಲ್ಲ.

ಆಗ ಡಿಸೆಂಬರ್, ರಾಗಿ ಕಟಾವಾಗಿ ಮೆದೆ ಹಾಕಿದ್ದ ಕಾಲ. ಅಪ್ಪ ಕಣದಲ್ಲೇ ಮಲಗುತ್ತಿದ್ದರು. ಊಟ ತೆಗೆದುಕೊಂಡು ಹೋದವನು ಅವರ ಪಕ್ಕ ಹುಲ್ಲಿನ ಮೇಲೆ ಮಲಗಿ ಮೇಲೆ ನೋಡಿದೆ. ಅಮಾವಾಸ್ಯೆ ಹತ್ತಿರವಿತ್ತು. ಅಲ್ಲಿ ಯಾವುದೂ ಸಮವಾಗಿರಲಿಲ್ಲ. ಒಂದು ಕಡೆ ಚುಕ್ಕಿಗಳ ಸಂತೆ, ಇನ್ನೊಂದು ಕಡೆ ಬರೀ ಕತ್ತಲೆ. ದೊಡ್ಡವು ಬೆರಳೆಣಿಕೆಯಷ್ಟು, ಅವುಗಳ ನಡುವೆ ಕಂಡೂ ಕಾಣದ ಸಣ್ಣವು ಲೆಕ್ಕವಿಲ್ಲದಷ್ಟು. ನಕ್ಷತ್ರದ ಹೊಳಪನ್ನು ಕಾಂತಿಮಾನ ಎಂಬ ಮೆಟ್ಟಿಲುಗಳಲ್ಲಿ ಅಳೆಯುತ್ತಾರೆ, ಸಂಖ್ಯೆ ಹೆಚ್ಚಿದಷ್ಟೂ ಹೊಳಪು ಕಡಿಮೆ. ಒಂದನೇ ಕಾಂತಿಮಾನದ ನಕ್ಷತ್ರಗಳು ಇಡೀ ಆಕಾಶದಲ್ಲಿ ಇಪ್ಪತ್ತರ ಆಸುಪಾಸು ಅಷ್ಟೆ. ಬರಿಗಣ್ಣಿಗೆ ಕಾಣುವ ಕೊನೆಯ ಮೆಟ್ಟಿಲು ಆರನೆಯದು. ಅಲ್ಲಿಗೆ ಬರುವಷ್ಟರಲ್ಲಿ ಎಣಿಕೆ ಸಾವಿರಗಟ್ಟಲೆಗೆ ಏರಿ, ಬೆಳಕು ನೂರರಲ್ಲಿ ಒಂದು ಪಾಲಿಗೆ ಇಳಿದಿರುತ್ತದೆ. ಪುಸ್ತಕದಲ್ಲಿ ಓದಿದ್ದೆ, ಆದರೆ ಮೌಸ್ ಹಿಡಿದಾಗ ನೆನಪಾಗಿರಲಿಲ್ಲ.

"ಅಗೋ, ಗುಂಪು ಚುಕ್ಕಿ ನೆತ್ತಿಗೆ ಬಂತು. ಹತ್ತು ಗಂಟೆ ಆಗಿರಬೇಕು," ಅಂದರು ಅಪ್ಪ. ಕೃತ್ತಿಕೆಯ ಗುಂಪು ಅದು. ಫೋನಿನಲ್ಲಿ ಹತ್ತಕ್ಕೆ ಐದು ನಿಮಿಷ ಇತ್ತು.

ಅದರಿಂದ ಪೂರ್ವಕ್ಕೆ ಮೂರು ಚುಕ್ಕಿಯ ಸಾಲು, ಸಾಲಿನ ಒಂದು ಪಕ್ಕಕ್ಕೆ ಆರಿದ್ರೆ. ತೋರಿಸಿದೆ.

"ಆರಿದ್ರೆ ಮಳೆ ಗೊತ್ತು ಕಣಪ್ಪ. ಅದಕ್ಕೆ ಚುಕ್ಕೀನೂ ಐತಾ?"

ಐವತ್ತು ವರ್ಷ ಆ ಮಳೆಗೆ ಕಾದ ಮನುಷ್ಯ ಕೇಳಿದ ಪ್ರಶ್ನೆ ಅದು. ಸೂರ್ಯ ಆ ನಕ್ಷತ್ರದ ಬಳಿ ಇರುವಾಗ, ಜೂನ್ ಕೊನೆಯ ಹೊತ್ತಿಗೆ, ಬರುವ ಮಳೆಗೆ ಆ ಹೆಸರು. ಸೂರ್ಯನ ಬೆಳಕಿನಲ್ಲಿ ಆಗ ಚುಕ್ಕಿ ಕಾಣುವುದಿಲ್ಲ, ಡಿಸೆಂಬರಿನಲ್ಲಿ ಸೂರ್ಯ ಎದುರು ದಿಕ್ಕಿಗೆ ಹೋಗುವುದರಿಂದ ರಾತ್ರಿಯೆಲ್ಲ ಕಾಣುತ್ತದೆ ಅಂದೆ. ಅಪ್ಪ ತುಂಬಾ ಹೊತ್ತು ಅದನ್ನೇ ನೋಡಿ, "ಕೆಂಪಗೈತಲ್ಲ," ಅಂದರು. ಹೌದು, ಕೆಂಡದ ಬಣ್ಣ. ಸಾಲಿನ ಆಚೆ ಬದಿಯ ರೈಜೆಲ್ ನಕ್ಷತ್ರ ನೀಲಿ ಬೆರೆತ ಬಿಳುಪು. ಬಿಸಿ ಹೆಚ್ಚಿದಷ್ಟೂ ಬಣ್ಣ ಕೆಂಪಿನಿಂದ ನೀಲಿಯತ್ತ ಸರಿಯುತ್ತದೆ. ಆರಿದ್ರೆಯ ಮೇಲ್ಮೈ ಬಿಸಿ ಸುಮಾರು 3,500 ಕೆಲ್ವಿನ್, ರೈಜೆಲ್‌ನದು 12,000ದ ಹತ್ತಿರ.

ಮರುದಿನ ಎಲ್ಲ ಅಳಿಸಿ ಹೊಸದಾಗಿ ಶುರುಮಾಡಿದೆ. 72 ಡಿಪಿಐಗೆ, ಅಂದರೆ ಇಂಚಿಗೆ 72 ಚುಕ್ಕಿಯ ಲೆಕ್ಕದಲ್ಲಿ, 10,368 × 6,912 ಪಿಕ್ಸೆಲ್ ಬೇಕಿತ್ತು. ನನ್ನ ಹಳೇ ಕಂಪ್ಯೂಟರ್ ಏದುಸಿರು ಬಿಟ್ಟಿತು. ಅರ್ಧಕ್ಕಿಳಿಸಿದೆ. ಈ ಲೆಕ್ಕದಲ್ಲಿ ಒಂದು ಪಿಕ್ಸೆಲ್ ಅಂದರೆ ಬಟ್ಟೆಯ ಮೇಲೆ 0.7 ಮಿಲಿಮೀಟರ್, ಹಿಂದಿನ ಬೆಂಚಿಗೆ ಕಾಣದು. ಹಾಗಾಗಿ ತೀರಾ ಸಣ್ಣ ಚುಕ್ಕಿಯನ್ನೂ ಮೂರು ಪಿಕ್ಸೆಲ್ ಮಾಡಿದೆ. ಚುಕ್ಕಿಗಳಿಗೆ ಒಂದರ ಮೇಲೊಂದು ಮೂರು ಲೇಯರ್, ಅಂದರೆ ಪದರ: ಮೊದಲನೆಯದರಲ್ಲಿ ಮಸುಕಾದ ಸಾವಿರಾರು, ಎರಡನೆಯದನ್ನು ಹಿಗ್ಗಿಸಿ ಲೆವೆಲ್ಸ್‌ನಲ್ಲಿ ಇನ್ನಷ್ಟು ಎಳೆದು ಕೆಲವೇ ನೂರು, ಮೂರನೆಯದರಲ್ಲಿ ಕೈಯಾರೆ ಇಟ್ಟ ಮೂವತ್ತು. ಮೇಲಿನವಕ್ಕೆ ಸ್ಕ್ರೀನ್ ಮೋಡ್, ಕಪ್ಪು ಮಾಯವಾಗಿ ಬೆಳಕಷ್ಟೇ ಕೂಡಲಿ ಎಂದು. ನಾಯ್ಸ್ ಫಿಲ್ಟರ್ ಪ್ರತಿ ಪಿಕ್ಸೆಲ್ಲಿಗೂ ಬೇರೆ ಬೇರೆ ದಾಳ ಹಾಕುವುದರಿಂದ ಚುಕ್ಕಿ ಎಲ್ಲೆಡೆ ಒಂದೇ ಹದದಲ್ಲಿ ಬೀಳುತ್ತದೆ. ಆ ಸಮತೆ ಮುರಿಯಲು ಮೋಡದಂಥ ಸಾಲಿಡ್ ನಾಯ್ಸನ್ನು ಮಾಸ್ಕ್ ಮಾಡಿ, ಅಂದರೆ ಕೆಲವೆಡೆ ಚುಕ್ಕಿ ಮರೆಮಾಡುವ ಮುಸುಕಾಗಿ, ಹೊದಿಸಿದೆ. ಆಗ ದಟ್ಟ ಮತ್ತು ವಿರಳ ಬಂತು, ಕತ್ತಲೆಗೂ ಜಾಗ ಸಿಕ್ಕಿತು. ಆರಿದ್ರೆಗೆ ಸರಿಯಾದ ಕೆಂಪು ಹುಡುಕಲು ಒಂದು ಗಂಟೆ ಹಿಡಿಯಿತು. ಅಪ್ಪ ಹಿಂದೆ ನಿಂತು, "ಇನ್ನೊಂಚೂರು ತಗ್ಗಿಸು," ಅನ್ನುತ್ತಿದ್ದರು.

ಪ್ರಿಂಟ್ ಬಂತು. ಎಲ್ಲ ಚೆನ್ನಾಗಿತ್ತು, ಕೃತ್ತಿಕೆ ಒಂದು ಬಿಟ್ಟು. ಒತ್ತೊತ್ತಾಗಿದ್ದ ಆರು ಚುಕ್ಕಿ ಬಟ್ಟೆಯಲ್ಲಿ ಕಲೆಸಿ ಒಂದೇ ಮಚ್ಚೆಯಾಗಿದ್ದವು. ನಾಟಕದ ದಿನ ಪರದೆ ಕಟ್ಟಿದ ಮೇಲೆ ಸ್ಟೂಲು ಹತ್ತಿ ಮಚ್ಚೆಗೆ ಕಪ್ಪು ಬಳಿದೆ. ಒಂಬತ್ತನೇ ಕ್ಲಾಸಿನ ಹುಡುಗಿಯೊಬ್ಬಳು ಬೆಂಕಿಕಡ್ಡಿಯನ್ನು ಬಿಳಿ ಬಣ್ಣದಲ್ಲಿ ಅದ್ದಿ ಕೊಡುತ್ತಾ ಹೋದಳು. ಐದು ನಾನಿಟ್ಟೆ. ಆರನೆಯದನ್ನು ತಾನೇ ಇಡುತ್ತೇನೆಂದು ಸ್ಟೂಲು ಹತ್ತಿದಳು. ಬಣ್ಣ ಒಣಗುವ ಮೊದಲೇ ಬೆಲ್ ಹೊಡೆಯಿತು.