ಡೆಲ್ಫಿಗೆ ಹೋಗುವವರು ಒಂದು ರಾತ್ರಿ ಅಲ್ಲಿಯೇ ಉಳಿಯಿರಿ

ಗ್ರೀಸಿನ ರಾಜಧಾನಿ ಏಥೆನ್ಸಿನಲ್ಲಿ ಹೊರ ಊರುಗಳ ಬಸ್ಸುಗಳಿಗೆ ಎರಡು ದೊಡ್ಡ ನಿಲ್ದಾಣಗಳಿವೆ ಎಂಬುದು ನನಗೆ ತಿಳಿದದ್ದು ತಪ್ಪು ನಿಲ್ದಾಣದಲ್ಲಿ ಇಳಿದು, ಟ್ಯಾಕ್ಸಿಯವನಿಗೆ ದುಡ್ಡು ಕೊಟ್ಟು ಕಳುಹಿಸಿದ ಮೇಲೆ. ಡೆಲ್ಫಿಯ ಬಸ್ಸು ಹೊರಡುತ್ತಿದ್ದುದು ಲಿಯೋಸಿಯೋನ್ ರಸ್ತೆಯ ನಿಲ್ದಾಣದಿಂದ. ನನ್ನನ್ನು ಅವನು ಇಳಿಸಿದ್ದು ಕಿಫಿಸೋಸ್ ನಿಲ್ದಾಣದಲ್ಲಿ. ಇನ್ನೊಂದು ಟ್ಯಾಕ್ಸಿ ಹಿಡಿದು ಸರಿಯಾದ ಜಾಗಕ್ಕೆ ತಲುಪುವಷ್ಟರಲ್ಲಿ ಬೆಳಗಿನ ಬಸ್ಸು ಹೊರಟುಹೋಗಿತ್ತು. ಮುಂದಿನ ಬಸ್ಸಿನಲ್ಲಿ ಮೂರು ಗಂಟೆ ಕುಳಿತು, ಸುಮಾರು 180 ಕಿ.ಮೀ. ದೂರದ ಪರ್ನಾಸಸ್ ಬೆಟ್ಟದ ಇಳಿಜಾರಿನ ಆ ಹಳ್ಳಿಯಲ್ಲಿ ಇಳಿದಾಗ ಹಿಂದೆ ಕಣಿಗೆ ಹೆಸರಾಗಿದ್ದ, ಗ್ರೀಕರ ದೇವರಾದ ಅಪೊಲೊವಿನ ಕ್ಷೇತ್ರದ ಬಾಗಿಲು ಹಾಕಿತ್ತು. ಮಾರ್ಚ್ ತಿಂಗಳಿನಲ್ಲಿ ಇನ್ನೂ ಚಳಿಗಾಲದ ವೇಳಾಪಟ್ಟಿಯೇ ನಡೆಯುತ್ತದೆ; ಮಧ್ಯಾಹ್ನದ ಹೊತ್ತಿಗೇ ಮುಚ್ಚಿಬಿಡುತ್ತಾರೆ.

ಹೀಗಾಗಿ, ಹೋಗಿ ಬಂದುಬಿಡೋಣವೆಂದುಕೊಂಡವನು ಅಲ್ಲಿ ರಾತ್ರಿ ತಂಗಬೇಕಾಯಿತು. 'ಕೊಲ್ಲಿಯ ನೋಟ'ವೆಂದು 90 ಯೂರೊ ಕೇಳಿದ ಕೋಣೆಯ ಕಿಟಕಿಯನ್ನು ತೆರೆದರೆ ಎದುರಿಗೆ ಬಂಡೆಯೂ ಪಕ್ಕದ ಕಟ್ಟಡದ ನೀರಿನ ಪೈಪೂ ಕಂಡವು. ಕೊರಿಂತ್ ಕೊಲ್ಲಿ ಕಾಣುತ್ತಿದ್ದುದು ಊಟದ ಕೋಣೆಯಿಂದ. ಮೇಲೆ ರಾತ್ರಿಯೊಂದಕ್ಕೆ ಸರ್ಕಾರಿ ತೆರಿಗೆ ಬೇರೆ, ಅದನ್ನು ಅಲ್ಲಿಯೇ ಕೈಯಲ್ಲಿ ಕೊಡಬೇಕು. ಹಣ ಕೊಡುವ ಮೊದಲು ಕೋಣೆಗೆ ಹೋಗಿ ಕಿಟಕಿ ತೆರೆದು ನೋಡಿರಿ.

ಆದರೆ ಮೆಟ್ಟಿಲುಬೀದಿಯ ಮೇಲೆ, ಬೋರ್ಡೂ ಸರಿಯಾಗಿಲ್ಲದ ಒಂದು ಊಟದ ಮನೆ ಆ ಸಂಕಟವನ್ನೆಲ್ಲ ಮರೆಸಿತು. ಆಗ ಈಸ್ಟರ್ ಹಬ್ಬದ ಮುಂಚಿನ ದೊಡ್ಡ ಉಪವಾಸದ ಕಾಲ. ಸಸ್ಯಾಹಾರಿಗಳು ಒಂದು ಪದವನ್ನು ಕಲಿತು ಹೋಗಬೇಕು: 'ನಿಸ್ತಿಸಿಮಾ', ಎಂದರೆ ಉಪವಾಸದ ಅಡುಗೆ, ಮಾಂಸ, ಮೊಟ್ಟೆ, ಹಾಲು ಯಾವುದೂ ಇರುವುದಿಲ್ಲ. ಹಾಗೆಂದು ಕಣ್ಣುಮುಚ್ಚಿ ತಿನ್ನಬೇಡಿರಿ. ರಕ್ತವಿಲ್ಲದ ಪ್ರಾಣಿಗಳೆಂಬ ಲೆಕ್ಕದಲ್ಲಿ ಅಷ್ಟಪದಿ (ಆಕ್ಟೋಪಸ್), ಸಿಗಡಿ, ಚಿಪ್ಪಿನ ಜೀವಿಗಳೆಲ್ಲ ಆ ಉಪವಾಸಕ್ಕೆ ಸಲ್ಲುತ್ತವೆ. ನನ್ನ ತಟ್ಟೆಗೆ ಬರಲಿದ್ದ ಅಷ್ಟಪದಿಯ ಕಾಲನ್ನು ಸಮಯಕ್ಕೆ ಸರಿಯಾಗಿ ತಡೆದೆ. ಮನೆಯೊಡತಿ ಅದರ ಬದಲಿಗೆ ತಂದಿಟ್ಟದ್ದು ಟೊಮೆಟೊ ರಸದಲ್ಲಿ ಒಲೆಯೊಳಗೆ ಬೆಂದ, ಹೆಬ್ಬೆರಳ ತುದಿಯಷ್ಟು ದಪ್ಪದ ಬಿಳಿ ಹುರುಳಿಕಾಯಿ ಬೀಜಗಳು, ಹಳದಿ ಬಟಾಣಿಬೇಳೆಯನ್ನು ಬೇಯಿಸಿ ನುಣ್ಣಗೆ ಕಡೆದು ಮೇಲೆ ಹಸಿ ಈರುಳ್ಳಿ ಉದುರಿಸಿದ 'ಫಾವಾ', ಮತ್ತು ನಮ್ಮ ಬೆರಕೆ ಸೊಪ್ಪಿನಂಥದ್ದೇ ಕಾಡುಸೊಪ್ಪನ್ನು ಬೇಯಿಸಿ ನಿಂಬೆರಸ, ಆಲಿವ್ ಎಣ್ಣೆ ಹಾಕಿದ 'ಹೋರ್ತಾ'. ಬ್ರೆಡ್ಡೂ ಸೇರಿ 11 ಯೂರೊ ಆಯಿತು. ಖಾರವೊಂದಿಲ್ಲ ಎನ್ನುವುದನ್ನು ಬಿಟ್ಟರೆ ದೂರಲು ಏನೂ ಇರಲಿಲ್ಲ.

ಮರುದಿನ ಬಾಗಿಲು ತೆರೆಯುವ ಮೊದಲೇ ಹೋಗಿ ನಿಂತೆ. ಏಥೆನ್ಸಿನ ಪ್ರವಾಸಿ ಬಸ್ಸುಗಳು ಬರಲು ಸುಮಾರು ಎರಡು ಗಂಟೆಗಳಿದ್ದವು, ಆ ಎರಡು ಗಂಟೆಗಳಿಗಾಗಿಯೇ ನಾನು ರಾತ್ರಿ ಉಳಿಯಿರಿ ಎನ್ನುತ್ತಿರುವುದು. ಜನಜಂಗುಳಿ ನನಗೆ ಆಗಿಬರುವುದಿಲ್ಲ, ಅದನ್ನು ಸಹಿಸಿಕೊಳ್ಳಬಲ್ಲವರಿಗೆ ಈ ಸಲಹೆ ಅತಿಯೆನಿಸಬಹುದು.

ಕಂಬಗಳ ಎತ್ತರವನ್ನು ಎಣಿಸುವುದಕ್ಕಿಂತ, ಇಲ್ಲಿ ಕಣಿ ಕೇಳಲು ಬಂದವನು ಯಾವ ಕ್ರಮದಲ್ಲಿ ನಡೆದನೋ ಅದೇ ಕ್ರಮದಲ್ಲಿ ನಡೆದರೆ ಕ್ಷೇತ್ರ ಅರ್ಥವಾಗುತ್ತದೆ. ಮೊದಲು ರಸ್ತೆಯ ಪಕ್ಕದ ಕಸ್ಟೇಲಿಯಾ ಚಿಲುಮೆಯಲ್ಲಿ ಶುದ್ಧಿ. ಬಂಡೆ ಉರುಳುವ ಭಯದಿಂದ ಅದಕ್ಕೆ ಬೇಲಿ ಹಾಕಿದ್ದಾರೆ, ಹೊರಗಿನಿಂದಲೇ ನೋಡಬೇಕು. ಆಮೇಲೆ ಪವಿತ್ರ ಮಾರ್ಗದ ಏರು, ದೇವಾಲಯದ ಮುಂದಿನ ಬಲಿಪೀಠ, ಕಾಣಿಕೆ. 'ಪೆಲಾನೋಸ್' ಎಂಬ ಆ ಕಾಣಿಕೆ ಮೊದಲು ಪಿಷ್ಟದ ನೈವೇದ್ಯವಾಗಿತ್ತು, ಕ್ರಮೇಣ ನಗದು ಶುಲ್ಕವಾಯಿತು. ಪಿಥಿಯಾ ಎಂಬ ಪೂಜಾರಿಣಿ ಅಪೊಲೊವಿನ ನುಡಿ ಕೊಡುತ್ತಿದ್ದುದು ತಿಂಗಳಿಗೊಂದೇ ದಿನ, ಏಳನೆಯ ದಿನ. ಅದಕ್ಕೂ ಹಿಂದೆ ವರ್ಷಕ್ಕೊಂದೇ ದಿನವಿತ್ತಂತೆ. ಚಳಿಗಾಲದ ಮೂರು ತಿಂಗಳು ಅಪೊಲೊ ಊರಲ್ಲಿರುವುದಿಲ್ಲವೆಂದೂ ಆಗ ದ್ರಾಕ್ಷಾರಸದ ದೇವರಾದ ಡಯೊನಿಸಸ್‌ನ ಸರದಿಯೆಂದೂ ಅವರ ನಂಬಿಕೆ. ಇಷ್ಟು ಕಡಿಮೆ ದಿನಗಳಿದ್ದ ಮೇಲೆ ಸಾಲು ಎಷ್ಟಿದ್ದಿರಬೇಡ! ಅದಕ್ಕೇ ಸಾಲಿನಲ್ಲಿ ಮುಂದೆ ಹೋಗುವ ಹಕ್ಕನ್ನು ಊರೂರುಗಳಿಗೆ ಗೌರವವಾಗಿ ಕೊಡುತ್ತಿದ್ದರು. ದೇವಾಲಯದ ಎದುರಿನ ಕಪ್ಪುಗಲ್ಲಿನ ದೊಡ್ಡ ಬಲಿಪೀಠವನ್ನು ಕಟ್ಟಿಸಿದವರು ಕಿಯೋಸ್ ದ್ವೀಪದವರು. ಅವರಿಗೆ ಆ ಹಕ್ಕು ದೊರೆತದ್ದನ್ನು ಅದರ ಮೇಲೆಯೇ ಕೆತ್ತಿದ್ದಾರೆ. ನಮ್ಮ ಕಡೆಯ ವಿಶೇಷ ದರ್ಶನದ ಸಾಲು ನೆನಪಾಗಿ ನಗು ಬಂತು.

ನನ್ನನ್ನು ಅಲ್ಲಿ ಅರ್ಧ ಗಂಟೆ ನಿಲ್ಲಿಸಿದ್ದು ಆ ಪೀಠದ ಬಳಿ ಹಿಂದೆ ನಡೆಯುತ್ತಿದ್ದ ಒಂದು ಪರೀಕ್ಷೆಯ ವಿಷಯ. ಆಡಿನ ಮೈಮೇಲೆ ತಣ್ಣೀರು ಚಿಮುಕಿಸುತ್ತಿದ್ದರು. ಅದು ಅಡಿಯಿಂದ ಮುಡಿಯವರೆಗೆ ನಡುಗಿದರೆ ದೇವರು ಒಪ್ಪಿದ್ದಾನೆ, ಇಲ್ಲವಾದರೆ ಆ ದಿನ ಕಣಿಯಿಲ್ಲ. ನಮ್ಮೂರಿನ ಮಾರಿಹಬ್ಬದಲ್ಲಿ ಕುರಿಗೆ ತೀರ್ಥ ಹಾಕಿ ಅದು ಮೈ ಜಾಡಿಸುವ ತನಕ ಹಿರಿಯರೆಲ್ಲ ಉಸಿರು ಬಿಗಿಹಿಡಿದು ಕಾಯುತ್ತಿದ್ದುದನ್ನು ಚಿಕ್ಕಂದಿನಲ್ಲಿ ನೋಡಿದ ನನಗೆ, ಇಷ್ಟು ದೂರ ಬಂದು ಅದನ್ನೇ ಎದುರುಗೊಳ್ಳುವೆನೆಂಬ ನಿರೀಕ್ಷೆಯಿರಲಿಲ್ಲ. ಈ ಕ್ಷೇತ್ರದಲ್ಲಿಯೇ ಅರ್ಚಕನಾಗಿದ್ದ ಗ್ರೀಕ್ ಲೇಖಕ ಪ್ಲುಟಾರ್ಕ್ ಒಂದು ಘಟನೆಯನ್ನು ದಾಖಲಿಸಿದ್ದಾನೆ. ದೂರದಿಂದ ಬಂದ ನಿಯೋಗವೊಂದನ್ನು ಮೆಚ್ಚಿಸಲು, ನಡುಗದ ಆಡಿನ ಮೇಲೆ ಅರ್ಚಕರು ನೀರು ಸುರಿದೂ ಸುರಿದೂ ಹೇಗೋ ನಡುಗಿಸಿದರು. ಮನಸ್ಸಿಲ್ಲದೆ ಒಳಗೆ ಇಳಿದ ಪಿಥಿಯಾಳ ದನಿ ಕರ್ಕಶವಾಯಿತು. ಅವಳು ಚೀರುತ್ತ ಹೊರಗೆ ಓಡಿ ಬಿದ್ದಳು, ಕೆಲವೇ ದಿನಗಳಲ್ಲಿ ಸತ್ತಳು.

ದೇವಾಲಯವೆಂದು ಈಗ ಉಳಿದಿರುವುದು ಕ್ರಿ.ಪೂ. 373ರ ಭೂಕಂಪದ ನಂತರ ಮತ್ತೆ ಕಟ್ಟಿದ್ದರ ತಳಪಾಯ ಮತ್ತು ಇಪ್ಪತ್ತನೆಯ ಶತಮಾನದಲ್ಲಿ ಮತ್ತೆ ಎತ್ತಿ ನಿಲ್ಲಿಸಿದ ಆರು ಕಂಬಗಳು. ಒಳಗೆ ಬಿಡುವುದಿಲ್ಲ. ಅದರ ಕೆಳಗಿನ, ಒಂದಕ್ಕೊಂದು ವಕ್ರವಾಗಿ ಹೊಂದಿಕೊಂಡ ಕಲ್ಲುಗಳ ಗೋಡೆಯನ್ನು ಮಾತ್ರ ನೋಡದೆ ಮುಂದೆ ಹೋಗಬೇಡಿರಿ. ಹತ್ತಿರ ಬಗ್ಗಿ ನೋಡಿದರೆ ಅದರ ಮೇಲೆಲ್ಲ ಸಣ್ಣ ಅಕ್ಷರಗಳು. ಗುಲಾಮರ ಬಿಡುಗಡೆಯ ನೂರಾರು ಪತ್ರಗಳು ಅವು. ಒಡೆಯನು ಗುಲಾಮನನ್ನು ದೇವರಿಗೆ ಮಾರಿದಂತೆ ಬರೆಯುತ್ತಿದ್ದರು, ಹಣ ಹೊಂದಿಸುತ್ತಿದ್ದವನು ಸಾಮಾನ್ಯವಾಗಿ ಗುಲಾಮನೇ, ದೇವರು ಅದಕ್ಕೆ ಸಾಕ್ಷಿ ಮತ್ತು ಜಾಮೀನು. ಎಷ್ಟೋ ಪತ್ರಗಳಲ್ಲಿ, ಒಡೆಯ ಸಾಯುವ ತನಕ ಜೊತೆಯಲ್ಲಿದ್ದು ಸೇವೆ ಮಾಡಬೇಕೆಂಬ ಷರತ್ತೂ ಇದೆ.

ಹನ್ನೊಂದರ ಹೊತ್ತಿಗೆ ಬಸ್ಸುಗಳು ಬಂದವು, ಕೊಡೆ ಎತ್ತಿ ಹಿಡಿದ ಮಾರ್ಗದರ್ಶಕರ ಹಿಂದೆ ಮಾರ್ಗ ತುಂಬಿಹೋಯಿತು. ಆಗ ಮೇಲಕ್ಕೆ, ಓಟದ ಅಂಕಣದ ಕಡೆಗೆ ಹತ್ತಿರಿ; ಅಲ್ಲಿಯ ತನಕ ಬರುವವರು ಕಡಿಮೆ. ಅದರ ತಡೆಗೋಡೆಯಲ್ಲಿ ದ್ರಾಕ್ಷಾರಸದ ಬಗೆಗೆ ಕಟ್ಟಪ್ಪಣೆಯೊಂದಿದೆ: ಮುರಿದವನು ದೇವರಿಗೆ ಧಾರೆಯೆರೆದು, ಬಲಿ ಕೊಟ್ಟು, ಐದು ದ್ರಾಕ್ಮಾ ದಂಡ ತೆರಬೇಕು, ಅದರಲ್ಲಿ ಅರ್ಧ ಚಾಡಿ ಹೇಳಿದವನಿಗೆ! ಟಿಕೆಟ್ಟಿನಲ್ಲಿ ವಸ್ತುಸಂಗ್ರಹಾಲಯವೂ ಸೇರಿದೆ. ಕಂಚಿನ ಸಾರಥಿಯ ಮುಂದೆ ಎಲ್ಲರೂ ನಿಂತಿರುತ್ತಾರೆ. ಅಪೊಲೊ ಸ್ತೋತ್ರವನ್ನು ಸ್ವರಲಿಪಿಯ ಸಮೇತ ಕೆತ್ತಿದ ಕಲ್ಲುಗಳ ಮುಂದೆ ನಾನು ಒಬ್ಬನೇ ಇದ್ದೆ.

ಹಿಂದಿರುಗುವ ಟಿಕೆಟ್ಟನ್ನು ಮೊದಲೇ ತೆಗೆದಿರಲಿಲ್ಲ. ಭಾನುವಾರ, ಹತ್ತಿರದ ಬೆಟ್ಟದೂರಾದ ಅರಾಖೋವಾದ ಹಿಮದಾಟ ಮುಗಿಸಿ ಮರಳುವವರ ದಿನ. ಮೊದಲ ಬಸ್ಸಿನಲ್ಲಿ ಜಾಗವಿಲ್ಲವೆಂದರು. ಮುಂದಿನ ಬಸ್ಸಿನ ತನಕ ಮೆಟ್ಟಿಲುಬೀದಿಯ ಆ ಊಟದ ಮನೆಯಲ್ಲಿ ಕುಳಿತು ಇನ್ನೊಂದು ಬಟ್ಟಲು ಫಾವಾ ತಿಂದೆ.