ಇರುವುದರ ಪುಸ್ತಕ: ಹತ್ತು ವಾರದ ದಾಖಲೆ

ಬೇಕಾದದ್ದು: ಗೆರೆಪುಸ್ತಕ, ಪೆನ್ನು, 10 ಲೀಟರ್ ಬಕೆಟ್, ಗಡಿಯಾರ. ಜಾಗ ಕಾಸರಗೋಡು ಜಿಲ್ಲೆಯ ಬಾಯಾರು ಕಡೆಯ ಅಡಿಕೆ ತೋಟದ ಮನೆ. ಆದಿತ್ಯವಾರ ರಾತ್ರಿ ಊಟವಾದ ಮೇಲೆ, ಆ ವಾರ ಉಪಕಾರವಾದ ಐದು ಸಂಗತಿ ಬರೆಯುವುದು. ಐದು ಸಂಗತಿ, ಹತ್ತು ವಾರ ಎಂಬ ಲೆಕ್ಕ 2003ರಲ್ಲಿ ಮನಶ್ಶಾಸ್ತ್ರಜ್ಞರಾದ ರಾಬರ್ಟ್ ಎಮನ್ಸ್, ಮೈಕೆಲ್ ಮೆಕಲ್ಲೊ ಪ್ರಕಟಿಸಿದ ಅಧ್ಯಯನದ್ದು. ಅದರಲ್ಲಿ ಹೀಗೆ ಬರೆದವರು, ಕಿರಿಕಿರಿಗಳ ಪಟ್ಟಿ ಮಾಡಿದವರಿಗಿಂತ ತಮ್ಮ ಬದುಕಿನ ಬಗ್ಗೆ ಹೆಚ್ಚು ಸಮಾಧಾನದಲ್ಲಿದ್ದರು.

1–2ನೇ ವಾರ, ಮಾರ್ಚ್. ನೀರು, ಮನೆ, ಆರೋಗ್ಯ, ಮಕ್ಕಳು, ದನ. ಎರಡನೇ ವಾರವೂ ಅದೇ ಐದು. ಎಡವಿದ್ದು ಇಲ್ಲೇ: ಬರೀ 'ನೀರು' ಎಂದರೆ ಕಣ್ಣಿಗೆ ಏನೂ ಕಟ್ಟುವುದಿಲ್ಲ.

3ನೇ ವಾರ. ನಿಯಮ ಬದಲು. ಒಂದೊಂದಕ್ಕೂ ಕನಿಷ್ಠ ಎರಡು ಸಾಲು, ಯಾರ ಕೈಯಿಂದ ಬಂತು ಎಂಬುದೂ ಇರಬೇಕು. ನೀರನ್ನು ಅಳೆದೇ ಬರೆದದ್ದು. ಸುರಂಗದ ಬಾಯಿಯಿಂದ ಅಡಿಕೆ ದಂಬೆಯಲ್ಲಿ (ಅಡಿಕೆ ಮರ ಸೀಳಿ ತಿರುಳು ತೆಗೆದ ಕಾಲುವೆ) ಕೆರೆಗೆ ಬೀಳುವ ನೀರಿಗೆ ಬಕೆಟ್ ಇಟ್ಟರೆ ತುಂಬಲು 4 ನಿಮಿಷ. ಅಂದರೆ ದಿನಕ್ಕೆ 3,600 ಲೀಟರ್. ಪಂಪು ಬೇಡ, ಕರೆಂಟು ಬೇಡ. ಮುರಕಲ್ಲಿನ (ಜಂಬಿಟ್ಟಿಗೆ) ಗುಡ್ಡಕ್ಕೆ ಅಡ್ಡಡ್ಡ ಕೊರೆದ ಬಾವಿಯೇ ಈ ಸುರಂಗ. ಒಬ್ಬರು ಬಗ್ಗಿ ಕುಳಿತು ಪಿಕ್ಕಾಸಿನಲ್ಲಿ ಅಗೆದಂತೆ ಅವರ ಬೆನ್ನ ಹಿಂದೆ ಇದ್ದವರು ಮಣ್ಣು ಹೊರಗೆ ಹಾಕಿ ಮಾಡಿದ್ದು. ನೀರು ಹರಿದೂ ಹರಿದೂ ದಂಬೆಯ ತುದಿಯಲ್ಲಿ ನಾರು ಸವೆದು ಬೆರಳಗಲದ ಗೀರು ಬಿದ್ದಿದೆ. ಆ ಗೀರಿನ ಬಗ್ಗೆ ಬರೆದ ನಾಲ್ಕು ಸಾಲು, ಹಿಂದಿನ ಹತ್ತೂ ಸಂಗತಿಗಿಂತ ಗಟ್ಟಿ.

4–5ನೇ ವಾರ. ದಿನವೂ ಬರೆದು ನೋಡಿದ್ದು ತಪ್ಪಾಯಿತು. ಐದನೇ ದಿನಕ್ಕೇ ಬಾಯಿಪಾಠ. ಮನಶ್ಶಾಸ್ತ್ರಜ್ಞೆ ಸೋನ್ಯಾ ಲ್ಯುಬೊಮಿರ್ಸ್ಕಿ ತಂಡದ ಪ್ರಯೋಗದಲ್ಲೂ ವಾರಕ್ಕೊಮ್ಮೆ ಬರೆದವರಿಗೆ ಗುಣ ಕಂಡಿತು, ಮೂರು ಸಲ ಬರೆದವರಿಗೆ ಕಾಣಲಿಲ್ಲ. ಮತ್ತೆ ಆದಿತ್ಯವಾರಕ್ಕೇ ಬಂದಾಯಿತು. "ಅವರಿಗಿಲ್ಲ, ನಮಗಿದೆ" ಎಂಬ ಸಾಲುಗಳನ್ನೂ ಹೊಡೆದುಹಾಕಿದ್ದಾಯಿತು. ಅದು ಬರೀ ಹೋಲಿಕೆ; ಅವರಿಗೂ ಸಿಕ್ಕಿದ ದಿನ ಅದೇ ಸಾಲು ಚುಚ್ಚುತ್ತದೆ.

6ನೇ ವಾರ. ಒಂದು ಸಂಗತಿ 'ಇಲ್ಲದಿದ್ದರೆ' ಎಂದು ಕಳೆದು ಬರೆಯುವುದು. ಒಂದು ಸಾಕು, ಐದನ್ನೂ ಕಳೆದರೆ ಹೆದರಿಕೆಯೇ ಉಳಿಯುತ್ತದೆ.

7ನೇ ವಾರ, ಬಿಸು, ಅಂದರೆ ಏಪ್ರಿಲಿನ ಹೊಸ ವರ್ಷದ ಹಬ್ಬ. ಪೇಟೆಯಿಂದ ಏನೂ ತಾರದೆ ಕಣಿ, ಬೆಳಿಗ್ಗೆ ಎದ್ದೊಡನೆ ನೋಡಲು ಜೋಡಿಸಿಡುವುದು: ಅಕ್ಕಿ, ತೆಂಗಿನಕಾಯಿ, ವೀಳ್ಯದೆಲೆ, ಅಡಿಕೆ, ಗೇರುಹಣ್ಣು, ಗುಜ್ಜೆ (ಎಳೆ ಹಲಸು), ಸಾಂಬಾರಿನ ಮಂಗಳೂರು ಸೌತೆಕಾಯಿ, ಹಿಂದೆ ಕನ್ನಡಿ. ಈ ವಾರ ಐದು ಬರೆಯಲಿಲ್ಲ, ಸೌತೆಕಾಯಿ ಒಂದರದ್ದೇ ಪುಟ. ಬೆಳೆದ ಕಾಯಿಯನ್ನು ಗೀರಾಗದಂತೆ ಕೊಯ್ದು, ಬಾಳೆನಾರಿನಲ್ಲಿ ಕಟ್ಟಿ ಅಟ್ಟದ ಅಡ್ಡಕ್ಕೆ ತೂಗಬೇಕು. ಒಂದಕ್ಕೊಂದು ತಾಗಬಾರದು, ಕೊಳೆಯಲು ಸುರುವಾಗುವುದೇ ತಾಗಿದಲ್ಲಿ. ಸರಿಯಾಗಿ ತೂಗಿದ್ದು ಮಳೆಗಾಲದ ಸಾಂಬಾರಿಗೂ ಉಳಿಯುತ್ತದೆ.

8–9ನೇ ವಾರ. ಬಕೆಟ್ ತುಂಬಲು 6 ನಿಮಿಷ, ದಿನಕ್ಕೆ 2,400 ಲೀಟರ್. ಇಳಿದದ್ದನ್ನೂ ಇಳಿದ ಹಾಗೆಯೇ ಬರೆಯಬೇಕು, ಇಲ್ಲದಿದ್ದರೆ ಪುಸ್ತಕ ನಂಬಿಕೆಗೆ ಆಗದು. ಅಳೆಯಲು ತೊಡಗಿದ ಮೇಲೆ ಅಕ್ಕಿ ತೊಳೆದ ನೀರು ಬಸಳೆಯ ಬುಡ ಬಿಟ್ಟು ಬೇರೆಲ್ಲಿಗೂ ಹೋಗಿಲ್ಲ.

10ನೇ ವಾರ, ಮೇ. 'ಯಾರ ಕೈಯಿಂದ' ಎಂಬಲ್ಲಿ ಹೆಚ್ಚು ಸಲ ಬಂದದ್ದು ಅಡಿಕೆ ಕೊಯ್ಯುವವರು, ಸುರಂಗದ ಹೂಳು ತೆಗೆಯುವವರು. ಅವರಿಗೆ ಬಾಯಿಬಿಟ್ಟು ಹೇಳಿದ್ದು ಪುಸ್ತಕದಲ್ಲಿ ಒಂದು ಕಡೆಯೂ ಇಲ್ಲ. ಮಳೆಗೆ ಮೊದಲು ಹೂಳು ತೆಗೆಯಲು ಬಂದಾಗ 3,600 ಲೀಟರಿನ ಪುಟವನ್ನು ಅವರಿಗೆ ಓದಿ ಹೇಳುವುದು ಮುಂದಿನ ಕೆಲಸ. ಮಳೆ ಹಿಡಿದ ಮೇಲೆ ಬಕೆಟ್ ಮತ್ತೆ ದಂಬೆಯ ಕೆಳಗೆ.